ಬಂಗು ಬಿಡಿಸಿದ ಮೂರು ಸಾರ

ಬಲು ಹಿಂದೆ, ಕಡಲಂಚಿನ ಬಿಳಿಹರಳು ಎಂಬ ರಾಜ್ಯದಲ್ಲಿ ಎಲ್ಲರೂ ಉಪ್ಪಿನಾಗರದಲ್ಲಿ ದುಡಿಯುತ್ತಿದ್ದರು. ಅವರದು ಎಣ್ಣೆಗಪ್ಪು ಮೈಬಣ್ಣ, ನೋಡಲು ಚೆಂದ. ಸಂಜೆಯಾದರೆ ಅಂಗಳದಲ್ಲಿ ಕೂತು ಒಬ್ಬರನ್ನೊಬ್ಬರು ಗೇಲಿ ಮಾಡಿ ನಗುತ್ತಿದ್ದರು.

ಒಂದು ಬೇಸಗೆ, ಸುಡುಗಣ್ಣನೆಂಬ ಮಾಂತ್ರಿಕ ಬಂದು ಬಿಸಿಲಿಗೆ ಮಂತ್ರ ಹಾಕಿದ. ಬಿಸಿಲು ತಾಗಿದ ಮುಖದ ಮೇಲೆಲ್ಲ ಬೂದುಬಣ್ಣದ ಬಂಗು ಎದ್ದಿತು. ಬಂಗು ಮುಖವನ್ನು ಪೂರ್ತಿ ಮುಚ್ಚಿದರೆ ಮನೆಯವರಿಗೂ ಗುರುತು ಸಿಗುತ್ತಿರಲಿಲ್ಲ. ಗುರುತು ಹೇಳುವವರಿಲ್ಲದವರನ್ನು ಸುಡುಗಣ್ಣ ತನ್ನ ಕೋಟೆಗೆ ಆಳಾಗಿ ಎಳೆದೊಯ್ಯುತ್ತಿದ್ದ.

ಪದುಮಿ ಎಂಬ ಹುಡುಗಿಯ ತಾಯಿ ಚಿನ್ನವ್ವನ ಮುಖದಲ್ಲಿ ಬಂಗು ಮುಚ್ಚದೆ ಗಲ್ಲವೊಂದೇ ಉಳಿದಿತ್ತು. ಬಂಗಿಗೆ ಮೂರು ಗಿಡಮರಗಳಲ್ಲಿ ಮದ್ದಿದೆ ಎಂದು ಹಿರಿಯರಿಂದ ಕೇಳಿ ಪದುಮಿ ಹುಡುಕಿ ಹೊರಟಳು.

ಮೊದಲು ಅತಿಮಧುರದ ಬೇರು. ಅದನ್ನು ಕಲ್ಲುಹುಲಿ ಕಾಯುತ್ತಿತ್ತು.

"ನಿನ್ನ ತಾಯಿ ಹೇಗಿದ್ದಳು? ಹೇಳಿ ತಗೋ."

"ಲೆಕ್ಕ ತಪ್ಪಿದರೆ ಒಂದು ಹುಬ್ಬು ಮಾತ್ರ ಮೇಲಕ್ಕೆ ಹೋಗುತ್ತಿತ್ತು," ಎಂದಳು ಪದುಮಿ. ಹುಲಿ ದಾರಿ ಬಿಟ್ಟಿತು.

ಆಮೇಲೆ ಲೋಳೆಸರ. ಅದನ್ನು ಸುತ್ತಿಕೊಂಡಿದ್ದ ನೀಲಿ ಸರ್ಪವೂ ಅದನ್ನೇ ಕೇಳಿತು.

"ನನ್ನ ತಲೆ ಬಾಚುವಾಗ ಸಿಕ್ಕು ಬಿಡದಿದ್ದರೆ ಬಾಚಣಿಗೆಗೆ ಬೈಯುತ್ತಿದ್ದಳು," ಎಂದಳು. ಸರ್ಪ ನಕ್ಕು ಸರಿದುಕೊಂಡಿತು.

ಕೊನೆಗೆ ಹಿಪ್ಪುನೇರಳೆಯ ಬೇರಿನ ತೊಗಟೆ. ಮರದ ಮೇಲೆ ಕೂತಿದ್ದ ಮುದಿ ಗರುಡವೂ ಅದನ್ನೇ ಕೇಳಿತು. ಪದುಮಿ ಬಾಯಿ ತೆರೆದಳು, ಅಳು ಬಂತು. ಕಣ್ಣು ಒರೆಸಿಕೊಂಡಳು.

"ಕರೆದರೆ ಓಗೊಡುತ್ತಿದ್ದಳು. ಎಲ್ಲಿದ್ದರೂ," ಎಂದಳು.

"ಸಾಕು, ಮಗಳೇ. ಈ ಮೂರರ ಸಾರ ಅರೆದು ಹಚ್ಚು. ಅದಿರಲಿ, ಈವರೆಗೆ ಏನು ಹಚ್ಚುತ್ತಿದ್ದಿರಿ?"

"ಬೆಳಗ್ಗೆ ನಿಂಬೆರಸ ಉಜ್ಜಿಕೊಂಡು ಆಗರಕ್ಕೆ ಹೋಗುತ್ತಿದ್ದೆವು."

"ಹುಚ್ಚರೇ! ನಿಂಬೆರಸದ ಮೇಲೆ ಬಿಸಿಲು ಬಿದ್ದರೆ ಕಲೆ ಹೆಚ್ಚುತ್ತದೆ. ಯಾರು ಹೇಳಿಕೊಟ್ಟದ್ದು?"

"ಸುಡುಗಣ್ಣನೇ."

"ಸರಿಹೋಯಿತು! ಎಂಥ ಮದ್ದಾದರೂ ನೆರಳಿಲ್ಲದೆ ಹಿಡಿಯದು, ತಿಳಿಯಿತೇ?"

ಪದುಮಿ ಊರಿಗೆ ಬಂದಾಗ ತಾಯಿಯ ಗಲ್ಲವೂ ಮುಚ್ಚಿಹೋಗಿತ್ತು; ಒಂದೇ ಬಗೆಯ ಬೂದು ಮುಖದ ಹೆಂಗಸರನ್ನು ಸುಡುಗಣ್ಣ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ. ಅಪ್ಪ ತಿರುಕಪ್ಪ ಎಲ್ಲರನ್ನೂ ನೋಡಿ, "ಇವರಲ್ಲಿ ನನ್ನವರು ಯಾರೂ ಇಲ್ಲ," ಎಂದುಬಿಟ್ಟ. ಅವರನ್ನು ಕಟ್ಟಿ ಒಯ್ಯಲು ಸುಡುಗಣ್ಣ ಹಗ್ಗ ಬಿಚ್ಚಿದ.

"ಅವ್ವಾ!" ಎಂದು ಪದುಮಿ ಕರೆದಳು.

"ಓ," ಎಂದಳು ಒಬ್ಬಳು.

ಪದುಮಿ ಅವಳ ಕೈ ಹಿಡಿದು ಚಪ್ಪರದ ನೆರಳಿಗೆ ಎಳೆದುಕೊಂಡಳು. "ಎಲ್ಲರೂ ಕರೆಯಿರಿ! ನಿಮ್ಮ ನಿಮ್ಮವರನ್ನು ನೆರಳಿಗೆ ಕರೆಯಿರಿ!" ಎಂದು ಕೂಗಿದಳು. ಊರೆಲ್ಲ ನೆರಳಲ್ಲಿ ನಿಂತು ಕರೆಯಿತು. ಒಬ್ಬೊಬ್ಬರೇ ಓಗೊಟ್ಟು ನೆರಳು ಸೇರಿದರು. ಬಿಸಿಲಲ್ಲಿ ಉಳಿದವನು ಸುಡುಗಣ್ಣ ಒಬ್ಬನೇ. ಮಂತ್ರದ ಬಿಸಿಲಿಗೆ ತಾಗಲು ಬೇರೆ ಮುಖವಿರಲಿಲ್ಲ. ಅದು ಅವನನ್ನೇ ಸುಟ್ಟು ಬೂದಿ ಮಾಡಿತು. ಅವನ ಕೋಟೆಯಲ್ಲಿದ್ದ ಆಳುಗಳೂ ಮನೆಯ ದಾರಿ ಹಿಡಿದರು.

ಬಂಗು ಒಂದೇ ದಿನಕ್ಕೆ ಹೋಗಲಿಲ್ಲ. ದಿನವೂ ಸಂಜೆ ಸಾರ ಹಚ್ಚಿ, ನಡುಹಗಲು ನೆರಳಲ್ಲಿ ಕೂತು ಮಳೆಗಾಲ ಕಳೆದರು, ಚಳಿಗಾಲ ಕಳೆದರು. ಒಂದು ಬೆಳಗ್ಗೆ ತಿರುಕಪ್ಪ ಗಂಜಿಯ ಬಟ್ಟಲು ಕೆಳಗಿಟ್ಟು, ಬಂಗು ಅಳಿದ ಹೆಂಡತಿಯ ಮುಖ ನೋಡಿದ.

"ಏನೇ ಚಿನ್ನಾ, ಇಷ್ಟು ದಿನ ಎಲ್ಲಿ ಹೋಗಿದ್ದೆ?"

"ಎಲ್ಲಿಗೂ ಇಲ್ಲ. ನಿಮಗೆ ಗಂಜಿ ಬಡಿಸುತ್ತಾ ಇಲ್ಲೇ ಇದ್ದೆ," ಎಂದಳು ಚಿನ್ನವ್ವ.

ಬಿಳಿಹರಳಿನ ಮನೆಮನೆಯಲ್ಲೂ ಆ ವರ್ಷ ಇದೇ ಮಾತು ನಡೆಯಿತು. ಆಮೇಲೆ ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾ ಬಹುಕಾಲ ಸುಖವಾಗಿ ಬಾಳಿದರು.