ಗದ್ದೆಗೊರವಗಳ ಕೆರೆ

"ಸ್ವಲ್ಪ ಹಿಂದೆ ಬನ್ನಿ ಮಾರಾಯ್ರೆ! ಅಷ್ಟೂ ಹಾರಿ ಹೋಯಿತು!"

ತನ್ಮಯೀ ಬೈನಾಕ್ಯುಲರ್ ಇಳಿಸಿ ಸಿಟ್ಟಿನಿಂದ ನೋಡಿದಳು. ಬೆಟ್ಟಂಪಾಡಿಯ ಕೆರೆಯಂಚಿನಲ್ಲಿ ಪ್ಯಾಂಟು ಮಡಚಿ, ಕೋಲಿನಿಂದ ಆಳ ನೋಡುತ್ತಿದ್ದವನು ತಿರುಗಿದ.

"ಎಂತ ಹಾರಿದ್ದು?"

"ಗದ್ದೆಗೊರವ ಹಕ್ಕಿ. ಇಪ್ಪತ್ತಮೂರು ಇತ್ತು."

ಪುತ್ತೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ತನ್ಮಯೀ ಚಳಿಗಾಲದ ಆದಿತ್ಯವಾರಗಳನ್ನೆಲ್ಲ ಈ ಕೆರೆಗೆ ಕೊಟ್ಟಿದ್ದಳು. ಅವನು ಸುಳ್ಯದ ಮೋಕ್ಷಿತ್. ಹೂಳೆತ್ತುವ ಗುತ್ತಿಗೆ ಅವನದು.

"ನಾಳೆ ಇದೇ ಅಂಚಿನಿಂದ ಅಗೆಯುದು," ಎಂದ.

ಅವಳು ಜಗಳಕ್ಕೆ ನಿಲ್ಲಲಿಲ್ಲ. ಬೈನಾಕ್ಯುಲರನ್ನು ಅವನ ಕೈಗಿಟ್ಟಳು. "ಹತ್ತು ನಿಮಿಷ ಕೂತ್ಕೊಳ್ಳಿ. ಆಮೇಲೆ ಹೇಳಿ."

ಹಕ್ಕಿಗಳು ಒಂದೊಂದಾಗಿ ಮರಳಿದವು. ಕಂದು ಬೆನ್ನಿನ ತುಂಬ ಬಿಳಿ ಚುಕ್ಕಿ, ಸೂಜಿಯಂಥ ಕೊಕ್ಕು. ಕೆಸರು ಕುಕ್ಕಿ, ಎರಡು ಹೆಜ್ಜೆ ಓಡಿ, ಮತ್ತೆ ಕುಕ್ಕಿದವು. ಮೋಕ್ಷಿತ್ ಉಸಿರು ಹಿಡಿದು ಅವನ್ನು ನೋಡಿದ. ತನ್ಮಯೀ ಅವನನ್ನು ನೋಡಿದಳು. ಗಂಡಸರಿಗೆ ಇಷ್ಟುದ್ದದ ರೆಪ್ಪೆ ಯಾಕಪ್ಪಾ ಅನ್ನಿಸಿತು.

"ಎಲ್ಲಿಂದ ಬರುದು?"

"ರಷ್ಯಾದ ಕಡೆಯಿಂದ. ಇಲ್ಲಿ ಆಳ ಮಾಡಿದ್ರೆ ಬರುವ ವರ್ಷ ಕಾಲೂರ್ಲಿಕ್ಕೆ ಜಾಗ ಇಲ್ಲ."

ಅವನು ಕೋಲಿನಿಂದ ಎದುರು ದಡ ತೋರಿಸಿದ. "ಈ ಅಂಚು ಬಿಡುವಾ. ಆಚೆ ಬದಿ ಇನ್ನಷ್ಟು ಅಗೆದ್ರೆ ನೀರಿಗೆ ಕಮ್ಮಿಯಾಗುದಿಲ್ಲ. ಆದ್ರೆ ಪಂಚಾಯತಿಗೆ ನೀವೂ ಬರಬೇಕು."

ಅವನು ನಕ್ಷೆ ಬರೆದ, ಅವಳು ಮಾತಾಡಿದಳು. ಪಂಚಾಯತಿಯವರು ಒಪ್ಪಿದರು.

ಆಮೇಲಿನ ಆದಿತ್ಯವಾರಗಳಲ್ಲಿ ಜೆಸಿಬಿಗೆ ರಜೆ. ಮೋಕ್ಷಿತ್ ಗೋಳಿಬಜೆಯ ಪೊಟ್ಟಣ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಿದ್ದ.

"ನನ್ನದು ಇಪ್ಪತ್ತಾರಾಯಿತು. ನಿಮ್ಮ ಲೆಕ್ಕ ಎಷ್ಟು?" ಹಕ್ಕಿ ಎಣಿಸುತ್ತ ತನ್ಮಯೀ ಕೇಳಿದಳು.

"ಒಂದು."

"ಒಂದಾ?"

"ಒಬ್ಬರನ್ನೇ ನೋಡ್ತಾ ಇದ್ದದ್ದು."

ತನ್ಮಯೀ ಬೈನಾಕ್ಯುಲರನ್ನು ಕಣ್ಣಿಗೇರಿಸಿದಳು. ನೀರು ಮಾತ್ರ ಕಂಡಿತು, ಆದರೂ ಇಳಿಸಲಿಲ್ಲ.

ಏಪ್ರಿಲ್ ಕೊನೆಗೆ ಹಕ್ಕಿಗಳು ಹೊರಟುಹೋದವು. ಕೆಲಸವೂ ಮುಗಿಯಿತು.

"ನಾಳೆ ಮೆಷಿನು ಕಡಬಕ್ಕೆ ಹೋಗುದು," ಎಂದ ಮೋಕ್ಷಿತ್, ಮುಖ ನೋಡದೆ.

"ಮನೆಯಲ್ಲಿ ನಿಮ್ಮ ವಿಷಯ ಹೇಳಿದೆ."

"ಎಂತ ಹೇಳಿದ್ದು?"

"ಮದುವೆ ಆಗುದಾದ್ರೆ ನಿಮ್ಮನ್ನೇ ಅಂತ."

"ನನ್ನ ಹತ್ರ ಕೇಳದೆಯಾ?"

"ಈಗ ಕೇಳ್ತಾ ಇದ್ದೇನಲ್ಲ."

ಅವನ ನಗು ಅರ್ಧಕ್ಕೇ ನಿಂತಿತು. "ನಮ್ಮ ಜಾತಿ ಬೇರೆ. ಅಪ್ಪ ಎಂತ ಹೇಳಿದ್ರು?"

"ಎರಡು ದಿನ ಮಾತಾಡ್ಲಿಲ್ಲ. ಇವತ್ತು ಬೆಳಿಗ್ಗೆ ಕೇಳಿದ್ರು, ಅವನಿಗೆ ಒಪ್ಪಿಗೆ ಉಂಟಾ ಅಂತ."

ಅಷ್ಟು ದಿನ ಅವಳೊಡನೆ ಪುತ್ತೂರಿನ ಕನ್ನಡವಾಡಿದವನ ಬಾಯಿಂದ ಮನೆಮಾತು ಅರೆಭಾಷೆಯೇ ಹೊರಟಿತು.

"ಉಟ್ಟು. ಒಪ್ಪಿಗೆ ಉಟ್ಟು."

ತನ್ಮಯೀ ತನ್ನ ಸ್ಕೂಟರಿನ ಕೀ ಅವನ ಅಂಗೈಗಿಟ್ಟು, ಆ ಕೈಯನ್ನು ಹಾಗೇ ಮುಚ್ಚಿದಳು. "ಹಾಗಾದ್ರೆ ಬನ್ನಿ. ಅಪ್ಪ ಮನೆಯಲ್ಲೇ ಇದ್ದಾರೆ."

"ಈಗಲಾ? ಅಂಗಿಯೆಲ್ಲ ಕೆಸರು!"

"ಇರ್ಲಿ. ನಾನು ನಿಮ್ಮನ್ನು ನೋಡಿದ್ದು ಹೀಗೆಯೇ. ಅವರೂ ನೋಡ್ಲಿ."