ವೈದ್ಯರಿಂದ ಖಚಿತವಾಗಿದೆ

ಮಂಗಳವಾರ ಬೆಳಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ದೂರು ಬರೆದು ತಂದಿರಲಿಲ್ಲ. ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ತಂದಿದ್ದಳು. ಅದನ್ನು ಇನ್ಸ್‌ಪೆಕ್ಟರರ ಮೇಜಿನ ಮೇಲಿಟ್ಟು, ಸುಡುವ ವಸ್ತುವೇನೋ ಎಂಬಂತೆ ಕೈ ಹಿಂದಕ್ಕೆಳೆದುಕೊಂಡಳು.

"ಮಗಳು ಇದನ್ನ ಹಾಕ್ಕೊಂಡ್ಲು ಸಾರ್. ಬಲಗಣ್ಣು ಬೆಳ್ಳಗಾಗಿಬಿಟ್ಟಿದೆ."

ಒಳಗೆ ಕಾಂಟ್ಯಾಕ್ಟ್ ಲೆನ್ಸ್‌ಗಳ ಖಾಲಿ ಪೊಟ್ಟಣಗಳು, ಆನ್‌ಲೈನ್ ಅಂಗಡಿಯೊಂದರ ರಸೀದಿ. ರಸೀದಿಯ ಕೆಳಗೆ ನೀಲಿ ಮೊಹರು: ವೈದ್ಯರಿಂದ ಖಚಿತವಾಗಿದೆ.

"ಡಾಕ್ಟರ ಚೀಟಿ ಇತ್ತಾ?"

"ಹಳೇದು ಕಳಿಸಿದ್ಲು. ಹೋದ ತಿಂಗಳೇ ಡಾಕ್ಟ್ರು, ಕಣ್ಣಲ್ಲಿ ಹುಣ್ಣಿದೆ, ಲೆನ್ಸ್ ಮುಟ್ಟಲೇಬೇಡ ಅಂದಿದ್ರು. ಕನ್ನಡಕ ಹಾಕಿದ್ರೆ ಕಾಲೇಜಲ್ಲಿ ಸೋಡಾಬುಡ್ಡಿ ಅಂತಾರಂತೆ. ನನಗೆ ಹೇಳದೆ ತರಿಸ್ಕೊಂಡಿದಾಳೆ."

"ಈಗ ಹೇಗಿದೆ?"

"ಶುಕ್ರವಾರ ಸಂಜೆ ಐದಕ್ಕೆ ಪಟ್ಟಿ ಬಿಚ್ತಾರೆ. ಕಣ್ಣು ಉಳೀತೋ ಇಲ್ವೋ ಆಗಲೇ ಗೊತ್ತಾಗೋದು. ಬಿಚ್ಚೋದೇ ಬೇಡಮ್ಮಾ ಅಂತಿದಾಳೆ."

10.55ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಹುಡುಗಿಯ ಕಣ್ಣಿನ ವೈದ್ಯೆ ಹೇಳಿಕೆ ಕೊಟ್ಟರು. "ಆ ಅಂಗಡಿಯವರು ಪ್ರತಿ ಚೀಟಿಗೂ ಬರೆದ ಡಾಕ್ಟರಿಗೇ ಫೋನ್ ಮಾಡಿ ಕೇಳಬೇಕು. ಆಮೇಲೆ ಮೊಹರು. ನನಗೆ ಫೋನೇ ಬಂದಿಲ್ಲ. ಬಂದಿದ್ರೆ ಬೇಡ ಅಂತಿದ್ದೆ, ಅಷ್ಟೇ." ಆಮೇಲೆ ಕೇಳಿದರು: "ಇವಳೊಬ್ಬಳೇ ಅಲ್ಲದಿದ್ರೆ?"

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು.

ಬುಧವಾರ ಅವರು ಮಹಿಳಾ ಪೇದೆಯೊಂದಿಗೆ ಅಂಗಡಿಗೆ ಹೋದರು. ಮೂರನೆಯ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆ. ಸೂರಿನವರೆಗೂ ಬಿಳಿ ಪೆಟ್ಟಿಗೆಗಳು, ಅವುಗಳ ಮೇಲೆ ಪವರಿನ ಸಂಖ್ಯೆಗಳು. ಕೊನೆಯಲ್ಲಿ ಒಂದು ಮೇಜು, ಫೋನು, ಮೊಹರು. ಮೇಜಿನ ಹಿಂದೆ ಕೂತಿದ್ದ ನಡುವಯಸ್ಸಿನ ಗುಮಾಸ್ತ ಎದ್ದು ನಿಂತು, ಏನೂ ಹೇಳದೆ ಕೈಮುಗಿದ.

"ಫೋನಾಗದೆ ಇಲ್ಲಿಂದ ಒಂದು ಪೊಟ್ಟಣವೂ ಹೊರಗೆ ಹೋಗಲ್ಲ," ಎಂದ, ಅವರನ್ನು ಒಳಗೆ ಕರೆತಂದ ಮಾಲೀಕ. "ಇವನು ಹತ್ತು ವರ್ಷ ಪ್ಯಾಕಿಂಗ್‌ನಲ್ಲಿದ್ದ. ಒಂದು ನಂಬರೂ ತಪ್ಪಿಸಿದವನಲ್ಲ. ಅದಕ್ಕೇ ಎಂಟು ತಿಂಗಳ ಹಿಂದೆ ಈ ಕುರ್ಚಿ ಕೊಟ್ಟೆ. ಬಾಯಲ್ಲಿ ಬೆರಳಿಟ್ಟರೂ ಕಚ್ಚೋನಲ್ಲ."

ವೈದ್ಯರಿಗೆ ಮಾಡಿದ ಕರೆಗಳ ರಿಜಿಸ್ಟರು ಮುತ್ತಿನಂಥ ಅಕ್ಷರದಲ್ಲಿತ್ತು. ಪೇದೆ ಹಾಳೆ ತಿರುವುತ್ತ ಹೋದಳು.

"ಎಲ್ಲಾ ಕರೆನೂ ಎರಡೆರಡೇ ನಿಮಿಷ ಸಾರ್. ನಮ್ಮತ್ತೆಗೋಸ್ಕರ ಡಾಕ್ಟರಿಗೆ ಫೋನ್ ಹಚ್ಚಿ ನಾನು ಅರ್ಧ ದಿನ ಕೂತಿದೀನಿ. ಇವರಿಗೆ ಮಾತ್ರ ಹಚ್ಚಿದ ತಕ್ಷಣ ಸಿಗ್ತಾರಾ?"

ಗುರುವಾರ ಸಂಜೆ 4.15ಕ್ಕೆ ಟೆಲಿಫೋನ್ ಕಂಪನಿಯಿಂದ ಕರೆಗಳ ವಿವರ ಬಂತು. ಗುಮಾಸ್ತ ಆ ಕುರ್ಚಿಯಲ್ಲಿ ಕೂತ ಮೊದಲ ದಿನ ಹೊರಹೋದದ್ದು ಮೂರು ಕರೆ. ಒಂದೂ ಅರ್ಧ ನಿಮಿಷ ದಾಟಿರಲಿಲ್ಲ. ಆಮೇಲೆ ಎಂಟು ತಿಂಗಳು ಏನೂ ಇಲ್ಲ.

ಶುಕ್ರವಾರ 11.00ಕ್ಕೆ ಇಬ್ಬರು ಪಂಚರೊಂದಿಗೆ ಶೋಧನೆ. ಇನ್ಸ್‌ಪೆಕ್ಟರ್ ಗುಮಾಸ್ತನ ಎದುರು ಕೂತರು. ಬುಧವಾರ ಅವನು ಒಂದು ಮಾತೂ ಆಡಿರಲಿಲ್ಲ ಎಂಬುದು ಅವರಿಗೆ ನೆನಪಿತ್ತು. ಮೊದಲೇ ಹೇಳಿಟ್ಟಂತೆ, ಮೆಟ್ಟಿಲ ಬಳಿ ನಿಂತ ಪೇದೆ ಆ ಮೇಜಿನ ನಂಬರಿಗೆ ಫೋನ್ ಮಾಡಿದಳು.

ಫೋನು ಹೊಡೆದುಕೊಳ್ಳತೊಡಗಿತು. ಗುಮಾಸ್ತ ಅದನ್ನು ಹಾವು ಕಂಡವನಂತೆ ನೋಡಿದ. ಕೈ ರಿಸೀವರಿನ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು, ಕೆಳಗಿಳಿಯಲಿಲ್ಲ. ಹಣೆಯ ಬೆವರು ರಿಜಿಸ್ಟರಿನ ಮೇಲೆ ಬಿತ್ತು. ಒಂಬತ್ತನೆಯ ಸಲ ಹೊಡೆದುಕೊಂಡು ಫೋನು ಸುಮ್ಮನಾಯಿತು.

"ಯಾಕೆ ಎತ್ತಲಿಲ್ಲ?"

ಬಾಯಿ ತೆರೆಯಿತು. ಕುತ್ತಿಗೆಯ ನರಗಳು ಬಿಗಿದವು. "ನ... ನ..."

"ಬಾಯಿ ಬಿಡಯ್ಯಾ! ಮಾನ ಹೋಗ್ತಿದೆ!" ಎಂದು ಮಾಲೀಕ ಕೂಗಿದ.

ಇನ್ಸ್‌ಪೆಕ್ಟರ್ ಅವನನ್ನು ಸುಮ್ಮನಿರಿಸಿ, ಒಂದು ಹಾಳೆ ಮತ್ತು ಪೆನ್ನನ್ನು ಮುಂದೆ ಸರಿಸಿದರು. ಗುಮಾಸ್ತ ಬರೆದ:

"ನನಗೆ ತೊದಲು. ಎದುರಿಗೆ ಜನವಿದ್ದರೆ ತಲೆಯಾಡಿಸಿ, ನಕ್ಕು ಹೇಗೋ ಸಾಗಿಸುತ್ತೇನೆ. ಮಾತು ಕಡಿಮೆಯವನು ಎಂದುಕೊಳ್ಳುತ್ತಾರೆ. ಫೋನಿನಲ್ಲಿ ಅದು ನಡೆಯುವುದಿಲ್ಲ. ಮೊದಲ ದಿನ ಇಬ್ಬರು ಹಲೋ ಹಲೋ ಎಂದು ಇಟ್ಟುಬಿಟ್ಟರು. ಮೂರನೆಯವರು ನಕ್ಕರು. ಆ ಸಂಜೆ ಮೂರೂ ಚೀಟಿಗೆ ಮೊಹರು ಒತ್ತಿದೆ. ಈ ಕೆಲಸ ಬೇಡ ಎನ್ನುವುದಕ್ಕೂ ಬಾಯಿ ಬೇಕಿತ್ತು."

ಆಮೇಲೆ ತಾನಾಗಿಯೇ ಕೆಳಗಿನ ಡ್ರಾಯರು ಎಳೆದು ಒಂದು ನೋಟ್‌ಬುಕ್ ಕೊಟ್ಟ. ಕೇಳದೆ ಮೊಹರು ಒತ್ತಿದ ಪ್ರತಿ ಚೀಟಿಯ ವಿವರ, ಗಿರಾಕಿಯ ಮತ್ತು ವೈದ್ಯರ ಫೋನ್ ನಂಬರು. ಒಟ್ಟು ಇನ್ನೂರ ಹನ್ನೆರಡು. ಮೇಲೆ ಕೆಂಪು ಶಾಯಿಯಲ್ಲಿ: ಮುಂದೆ ಕೇಳಬೇಕು.

12.10ಕ್ಕೆ ಪಂಚನಾಮೆ ಮುಗಿಯಿತು. 12.40ಕ್ಕೆ ಬಂಧನ.

ಮಧ್ಯಾಹ್ನ ಠಾಣೆಯಲ್ಲಿ ಯಾರೂ ಊಟಕ್ಕೆ ಏಳಲಿಲ್ಲ. ನೋಟ್‌ಬುಕ್ಕಿನ ಹಾಳೆಗಳನ್ನು ಹಂಚಿಕೊಂಡು ಎಲ್ಲರೂ ವೈದ್ಯರಿಗೆ ಫೋನ್ ಹಚ್ಚಿದರು. ಲೆನ್ಸ್ ಕೂಡದು ಎಂದು ವೈದ್ಯರು ಹೇಳಿದ್ದವರು ಇನ್ನೂ ಆರು ಜನರಿದ್ದರು. ಐವರು ಬೇಗ ಸಿಕ್ಕರು. ಆರನೆಯವಳು ಸಿಕ್ಕಿದ್ದು 4.30ಕ್ಕೆ.

"ಅಕ್ಕಾ, ಅದನ್ನ ಹಾಕ್ಕೋಬೇಡಿ," ಎಂದಳು ಪೇದೆ. "ಹಾಕ್ಕೊಂಡೇ ಇದೀರಾ? ಕೈ ತೊಳ್ಕೊಂಡು ಈಗಲೇ ತೆಗೀರಿ. ಇಲ್ಲ, ಇಡಬೇಡಿ, ಫೋನು ಹಂಗೇ ಇರಲಿ." ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡು ಕಾದಳು. "ತೆಗೆದ್ರಾ? ಎರಡೂ?"

ಗೋಡೆಯ ಬದಿಯ ಬೆಂಚಿನಲ್ಲಿ ಕೂತ ಗುಮಾಸ್ತ ಪ್ರತಿ ಕರೆಯನ್ನೂ ಕೇಳಿಸಿಕೊಳ್ಳುತ್ತಿದ್ದ. ಎಂಟು ತಿಂಗಳಲ್ಲಿ ತಾನು ಆಡಬೇಕಿದ್ದ ಮಾತುಗಳನ್ನೆಲ್ಲ ಬೇರೆಯವರು ಒಂದೇ ಮಧ್ಯಾಹ್ನದಲ್ಲಿ ಆಡಿ ಮುಗಿಸಿದ್ದರು.

ಐದು ದಾಟಿತು. ಅವನು ಇನ್ಸ್‌ಪೆಕ್ಟರರ ಕಡೆ ತಿರುಗಿದ. "ಆ... ಆ ಹು... ಹುಡುಗಿ..." ಯಾರೂ ನಗಲಿಲ್ಲ. "ಕ... ಕಣ್ಣು?"

"ಇನ್ನೂ ಗೊತ್ತಾಗಿಲ್ಲ."

5.25ಕ್ಕೆ ಮೇಜಿನ ಫೋನು ಹೊಡೆದುಕೊಂಡಿತು. ಪೇದೆ ತಲೆಯೆತ್ತಿದಳು. ಇನ್ಸ್‌ಪೆಕ್ಟರ್ ಕೈ ಚಾಚಿದರು; ಅದು ರಿಸೀವರಿನ ಮೇಲೆ ಗಾಳಿಯಲ್ಲೇ ನಿಂತಿತು. ಒಂದು ಸಲ. ಎರಡು ಸಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರಿಗೆ ಫೋನೆತ್ತಲು ಹೆದರಿಕೆಯಾದದ್ದು ಅದೇ ಮೊದಲು. ಬೆಂಚಿನ ಮೇಲಿದ್ದವನು ಆ ಕೈಯನ್ನೇ ನೋಡುತ್ತಿದ್ದ.

ನಾಲ್ಕನೆಯ ಸಲಕ್ಕೆ ಎತ್ತಿದರು. ಆ ಕಡೆ ಬರೀ ಉಸಿರು.

"ನಿಧಾನಕ್ಕೆ ಹೇಳಿ ಅಮ್ಮಾ. ನಾನು ಕಾಯ್ತೀನಿ."

"ಎಡಗಣ್ಣು ಮುಚ್ಚಿಸಿ ಕೇಳಿದ್ರು ಸಾರ್. ಬೆಳಕಿರೋ ಕಿಟಕಿ ಎಲ್ಲಿದೆ ಅಂತ ಬೆರಳು ಮಾಡಿ ತೋರಿಸಿದ್ಲು," ಎಂದಳು ತಾಯಿ. "ನಾನು ಎದುರಿಗೇ ನಿಂತಿದ್ದೆ. ನಾನು ಕಾಣಲಿಲ್ಲ."