ಮುಟ್ಟದ ವೀಳ್ಯ

ಹಿರಿಕೆರೆಯ ಹೂಳು ಹೊರುವ ಎತ್ತುಗಳನ್ನು ಕಸಿದು ಫಿರಂಗಿ ಎಳೆಯಲು ಕಳಿಸಿದರು. ಅದು ಅನ್ಯಾಯ. ಆ ಅನ್ಯಾಯಕ್ಕೆ ಒಪ್ಪಿಗೆ ಕೊಟ್ಟವನು ಮಂತ್ರಿ ಬಾಚರಸ.

ಮಾವತ್ತೂರು ಆಗ ಕಣ್ಣು ಕೋರೈಸುವ ರಾಜಧಾನಿ. ಕೋಟೆಗೆ ಮತ್ತೊಂದು ಸುತ್ತು ಏಳುತ್ತಿತ್ತು; ಬುರುಜುಗಳ ಮೇಲೆ ಬಾವುಟ, ಹೆಬ್ಬಾಗಿಲಲ್ಲಿ ಎಣ್ಣೆ ಹಚ್ಚಿ ಮಿರುಗಿಸಿದ ಫಿರಂಗಿಗಳು, ಪೇಟೆಯಲ್ಲಿ ಕುದುರೆ ವರ್ತಕರ ಗದ್ದಲ. ಕೋಟೆಯ ಕೆಳಗೆ ಹಿರಿಕೆರೆ. ಅದರ ನೀರಿನಿಂದ ಗದ್ದೆ, ಗದ್ದೆಯಿಂದ ಕಣಜ, ಕಣಜದಿಂದ ಸೈನಿಕನ ತುತ್ತು. ಬಾಚರಸನಿಗೆ ಇದೆಲ್ಲ ತಿಳಿದೇ ಇತ್ತು.

ದಂಡನಾಯಕ ಮಾಚಯ್ಯ ಸಭೆಯಲ್ಲಿ ಗಡಿಯಾಚೆಯ ಶತ್ರುವಿನ ಭಯ ಹುಟ್ಟಿಸಿ ಕೆರೆಯ ಎತ್ತುಗಳನ್ನು ಕೇಳಿದ. ಅರಮನೆಯ ವಾಡಿಕೆಯಂತೆ ತಟ್ಟೆಯಲ್ಲಿ ವೀಳ್ಯ ಬಂತು. ಅದನ್ನು ಎತ್ತಿಕೊಂಡವನು ಕೆಲಸವನ್ನು ಒಪ್ಪಿಕೊಂಡಂತೆ. ಮಂತ್ರಿಯನ್ನು ಉರುಳಿಸಲು ಮಾಚಯ್ಯ ಹೊಂಚು ಹಾಕುತ್ತಿದ್ದ. ವೀಳ್ಯ ಮುಟ್ಟದಿದ್ದರೆ ಶತ್ರುವಿನ ಕಡೆಯವನೆಂಬ ಪಟ್ಟ ತಪ್ಪುತ್ತಿರಲಿಲ್ಲ. ಬಾಚರಸ ಎತ್ತಿಕೊಂಡ. ಜಗಿದೂ ಬಿಟ್ಟ.

ಮಳೆಗಾಲ ಹತ್ತಿರವಾದಾಗ ಅವನು ಊಟದ ವೀಳ್ಯ ಜಗಿಯುತ್ತ ಕೆರೆ ಏರಿಗೆ ಹೋದ. ಹೂಳಿನ ಬಂಡಿಗಳ ನೊಗಕ್ಕೆ ಮನುಷ್ಯರು ಹೆಗಲು ಕೊಟ್ಟಿದ್ದರು. ಮುಂದಿನ ಬಂಡಿಯ ನೊಗದಡಿ ಹೊನ್ನಿ. ಬಾಚರಸನಿಗೆ ಮೊಲೆಯುಣಿಸಿ ಬೆಳೆಸಿದ ದಾದಿಯ ಮಗಳು. ಅವಳು ನಿಲ್ಲಲಿಲ್ಲ.

"ಬಾಯಿ ಚೆನ್ನಾಗಿ ಕೆಂಪೇರಿದೆ, ಬುದ್ಧಿ. ನಮ್ಮ ಎತ್ತು ಕೊಟ್ಟು ತಿಂದ ವೀಳ್ಯವಲ್ಲವೆ, ರುಚಿ ಇರಲೇಬೇಕು."

ನೊಗದಡಿಯ ಜನ ನಕ್ಕರು. ಬಾಚರಸ ಉತ್ತರೀಯದಿಂದ ಬಾಯೊರೆಸಿಕೊಂಡ. ಬಟ್ಟೆ ಕೆಂಪಾಯಿತು, ಬಾಯಿ ಬೆಳ್ಳಗಾಗಲಿಲ್ಲ. ನೆಲದಿಂದ ಕಣ್ಣೆತ್ತಲಾಗದೆ ಮನೆಗೆ ಬಂದ.

ಮುಂದಿನ ಸಭೆಯಲ್ಲಿ ಮಾಚಯ್ಯ ರೈತರ ಉಳುವ ಎತ್ತುಗಳನ್ನೂ ಕೇಳಿದ. ಮತ್ತೆ ತಟ್ಟೆ ಬಂತು. ಬಾಚರಸ ವೀಳ್ಯವನ್ನು ಮುಟ್ಟದೆ, ತನ್ನ ಮುದ್ರೆಯುಂಗುರ ಕಳಚಿ ಅದರ ಪಕ್ಕದಲ್ಲಿಟ್ಟ.

"ಶತ್ರು ಬಂದರೆ ಮಂತ್ರಿಗಳು ಕೆರೆಯ ಕೆಸರು ಎರಚಿ ಓಡಿಸುವರೇನೊ," ಎಂದ ಮಾಚಯ್ಯ. ಸಭೆ ನಕ್ಕಿತು.

ಬಾಚರಸ ಅರಸನತ್ತ ತಿರುಗಿದ. "ಪಡೆ ಬೇಡವೆನ್ನುತ್ತಿಲ್ಲ, ಪ್ರಭು. ಬೆಳೆ ಹೆಚ್ಚಿದಷ್ಟು ಪಡೆಯೂ ಹೆಚ್ಚಲಿ. ಬೆಳೆಸುವ ಎತ್ತನ್ನೇ ಹೊಡೆದುಕೊಂಡು ಹೋದರೆ ಬರುವ ವರ್ಷ ಆ ಪಡೆ ಉಣ್ಣುವುದೇನನ್ನು? ಹೋದ ಸಲ ಹೆದರಿ ವೀಳ್ಯ ತಿಂದೆ. ನಾನು ಈ ರಾಜ್ಯಕ್ಕೆ ಮಾಡಿದ ದ್ರೋಹ ಅದೊಂದೇ."

ಅರಸ ಉಂಗುರವನ್ನು ಕೈಗೆತ್ತಿಕೊಂಡ. ಕೆರೆಯ ಎತ್ತುಗಳು ಮರಳಲಿ, ಉಳುವ ಎತ್ತುಗಳನ್ನು ಯಾರೂ ಮುಟ್ಟಕೂಡದು ಎಂದು ಆಜ್ಞಾಪಿಸಿದ. ಆದರೆ ತುಂಬಿದ ಸಭೆಯಲ್ಲಿ ರಾಜವೀಳ್ಯವನ್ನು ತಿರಸ್ಕರಿಸಿದ್ದಕ್ಕೆ ಬಾಚರಸನಿಗೆ ಗಡೀಪಾರು ವಿಧಿಸಿದ.

ಬಾಚರಸ ಊರು ಬಿಡುವಾಗ ಏರಿಯ ಮೇಲೆ ಎತ್ತುಗಳು ಬಂಡಿ ಎಳೆಯುತ್ತಿದ್ದವು. ಹೊನ್ನಿ ಕೈಮುಗಿದಳು. ಅವಳ ಹೆಗಲಿನ ಗಾಯ ಮಾಗಿರಲಿಲ್ಲ. ಅದನ್ನು ಕಂಡು ಅವನು ತಲೆ ತಗ್ಗಿಸಿಕೊಂಡೇ ಗಡಿ ದಾಟಿದ.

ಶತ್ರುವಿನ ಹೆಸರು ಹೇಳಿ ನಿಮ್ಮ ಮುಂದೆಯೂ ತಟ್ಟೆ ಹಿಡಿಯುತ್ತಾರೆ. ಯಾರ ಕೊಟ್ಟಿಗೆಯ ಎತ್ತು ಎಂದು ಎದ್ದು ನಿಂತು ಕೇಳಿ. ಉತ್ತರ ಬರುವವರೆಗೆ ವೀಳ್ಯ ಮುಟ್ಟಬೇಡಿ.